ಮನೆವಾರ್ತೆ: ಉಳಿತಾಯ ಯಾರ ತಟ್ಟೆಯಿಂದ?

ತಿಂಗಳ ಮೊದಲ ವಾರ ಬಂತೆಂದರೆ ಪ್ರತಿಯೊಬ್ಬ ಗೃಹಿಣಿಯ ಮನಸ್ಸಿನಲ್ಲಿಯೂ ಒಂದು ಲೆಕ್ಕಾಚಾರ ಆರಂಭವಾಗುತ್ತದೆ. ಮನೆಬಾಡಿಗೆ, ಮಕ್ಕಳ ಶುಲ್ಕ, ಹಿರಿಯರ ಔಷಧಿ, ಸಾಲದ ಕಂತು, ಇವುಗಳಲ್ಲಿ ಯಾವುದನ್ನೂ ಮುಂದೂಡಲು ಬರುವುದಿಲ್ಲ. ಇವೆಲ್ಲಕ್ಕೂ ಕೊಟ್ಟು ಉಳಿದ ಹಣದಲ್ಲಿಯೇ ಅಡುಗೆಮನೆ ನಡೆಯಬೇಕು. ಆದಕಾರಣ ಸಂಸಾರದಲ್ಲಿ ಎಲ್ಲಿಯೇ ಹಣದ ಅಡಚಣೆ ಬಂದರೂ ಮೊದಲು ಕತ್ತರಿ ಬೀಳುವುದು ದಿನಸಿಯ ಚೀಟಿಗೆ. ಆ ಕತ್ತರಿ ಎಲ್ಲಿ ಬೀಳಬೇಕು, ಎಲ್ಲಿ ಬೀಳಬಾರದು ಎಂಬುದನ್ನು ಈ ತಿಂಗಳು ಕೂಡಿ ವಿಚಾರ ಮಾಡೋಣ. ಇದಕ್ಕೆ ನಮ್ಮ ಓಣಿಯಲ್ಲಿ ನಡೆದ ಒಂದು ಘಟನೆಯೇ ಕಾರಣ.

2025ರ ಶ್ರಾವಣ ಮಾಸದ ಒಂದು ಬೆಳಿಗ್ಗೆ, ನಮ್ಮ ಮನೆಯಿಂದ ನಾಲ್ಕನೆಯ ಮನೆಯ ಸೋದರಿ ನಳದ ಹತ್ತಿರ ನೀರು ತುಂಬುತ್ತಿದ್ದವಳು ತಲೆ ಸುತ್ತಿ ಬಿದ್ದುಬಿಟ್ಟಳು. ಉಪವಾಸವೇನಾದರೂ ಮಾಡಿದ್ದಾಳೆಯೇ ಎಂದು ಎಲ್ಲರೂ ಕೇಳಿದೆವು. ಅಂಥದೇನೂ ಇರಲಿಲ್ಲ. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದಾಗ, ಕನಿಷ್ಠ 12 ಗ್ರಾಂ ಇರಬೇಕಾದ ಹಿಮೋಗ್ಲೋಬಿನ್ 8 ಗ್ರಾಂಗೆ ಇಳಿದಿತ್ತು. ವೈದ್ಯರು ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟು, "ಹೊತ್ತುಹೊತ್ತಿಗೆ ಊಟ ಮಾಡುತ್ತೀರೋ ಇಲ್ಲವೋ?" ಎಂದು ಕೇಳಿದರಂತೆ. ಆಕೆ ಸುಮ್ಮನೆ ನಕ್ಕಳಂತೆ.

ಸಂಜೆ ನಾನು ನೋಡಲು ಹೋದಾಗ ಆಕೆ ಒಳಗಿನ ಮಾತು ಹೇಳಿದಳು. ಮನೆಯಲ್ಲಿ ಐದು ಜನ: ಗಂಡ, ಅತ್ತೆ, ಕಾಲೇಜು ಸೇರಿದ ಮಗ, ಹೈಸ್ಕೂಲಿನಲ್ಲಿರುವ ಮಗಳು ಮತ್ತು ಆಕೆ. ಮಗನ ಓದಿಗಾಗಿ ಮಾಡಿದ ಸಾಲದ ಕಂತಿಗೆ ತಿಂಗಳಿಗೆ ಒಂದೂವರೆ ಸಾವಿರ ರೂಪಾಯಿ ಹೆಚ್ಚಿಗೆ ಬೇಕಾಗಿತ್ತು. ಆಕೆ ಯಾರಿಗೂ ಹೇಳದೆ ದಿನಕ್ಕೆ ಒಂದೂವರೆ ಲೀಟರ್ ತರುತ್ತಿದ್ದ ಹಾಲನ್ನು ಒಂದು ಲೀಟರಿಗೆ ಇಳಿಸಿದಳು. ಬೇಳೆ-ಕಾಳು ಕಡಿಮೆ ಮಾಡಿದಳು. ಆದರೆ ಮಕ್ಕಳ ಹಾಲಿನ ಲೋಟ, ಅತ್ತೆಯವರ ಮೊಸರು, ಗಂಡನ ಬುತ್ತಿ ಯಾವುದೂ ಕಡಿಮೆಯಾಗಲಿಲ್ಲ. ಹಾಗಾದರೆ ಕಡಿಮೆಯಾದದ್ದು ಯಾರ ಪಾಲು?

"ಎಲ್ಲಾರದೂ ಊಟ ಆದಮ್ಯಾಲೆ ಉಳಿದದ್ದು ನನಗ ಸಾಕಾಗ್ತಿತ್ರಿ ಅಕ್ಕಾರ. ರೊಟ್ಟಿ, ಖಾರಪುಡಿ ಇದ್ರ ಆತು," ಎಂದಳು.

ಇದು ಆಕೆಯೊಬ್ಬಳ ಕಥೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ನೂರಕ್ಕೆ 47.8 ಜನರಿಗೆ ರಕ್ತಹೀನತೆ ಇತ್ತು. ಇದಕ್ಕೆ ಕಾರಣಗಳು ಹಲವು. ಆದರೆ ಕೊನೆಗೆ ಉಣ್ಣುವ, ಉಳಿದದ್ದನ್ನು ಉಣ್ಣುವ ನಮ್ಮ ರೂಢಿಯೂ ಅವುಗಳಲ್ಲಿ ಒಂದೆಂಬುದನ್ನು ಒಪ್ಪಿಕೊಳ್ಳಲೇಬೇಕು. ಇದನ್ನು ನಾವು ತ್ಯಾಗವೆಂದು ಹೊಗಳುತ್ತೇವೆ. ಲೆಕ್ಕದ ದೃಷ್ಟಿಯಿಂದ ನೋಡಿದರೆ ಇದು ಉಳಿತಾಯವೂ ಅಲ್ಲ. ಇಂದು ಹಾಲಿನಲ್ಲಿ ಉಳಿಸಿದ ಹಣವನ್ನು ನಾಳೆ ಔಷಧಿ ಅಂಗಡಿಗೆ ಕೊಡುವುದು ಅಷ್ಟೇ.

ಹಣ ಹೋಗುವ ದಾರಿ

ಆಕೆಯ ಯಜಮಾನರು ಒಂದು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವವರು. ಲಕ್ಷಾಂತರ ರೂಪಾಯಿಗಳ ಜಮಾ-ಖರ್ಚನ್ನು ಪೈಸೆ ತಪ್ಪದಂತೆ ಬರೆಯುವ ಅವರು ತಮ್ಮ ಮನೆಯ ಲೆಕ್ಕವನ್ನು ಒಂದು ದಿನವೂ ಬರೆದಿರಲಿಲ್ಲ. ನಾನು ಕೇಳಿಕೊಂಡ ಮೇಲೆ, ಮೊಬೈಲಿನಲ್ಲಿ ಹಣ ಕಳಿಸಿದ ದಾಖಲೆ, ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ಮತ್ತು ಆಕೆಯ ನೆನಪು ಮೂರನ್ನೂ ಕೂಡಿಸಿ ಹಿಂದಿನ ತಿಂಗಳ ಆಹಾರದ ವೆಚ್ಚವನ್ನು ಒಂದು ಹಾಳೆಯ ಮೇಲೆ ಇಳಿಸಿದರು. ಅವರ ಅನುಮತಿ ಪಡೆದು ಅದನ್ನು ಇಲ್ಲಿ ಕೊಡುತ್ತಿದ್ದೇನೆ.

ಅಕ್ಕಿ, ಜೋಳ, ಗೋಧಿ: 2,300 ರೂ.
ಬೇಳೆ-ಕಾಳು: 650 ರೂ.
ಅಡುಗೆ ಎಣ್ಣೆ (7 ಲೀಟರ್): 1,120 ರೂ.
ಹಾಲು (ದಿನಕ್ಕೆ 1 ಲೀಟರ್): 1,380 ರೂ.
ತರಕಾರಿ, ಹಣ್ಣು: 2,100 ರೂ.
ಸಾಂಬಾರ ಪದಾರ್ಥ, ಸಕ್ಕರೆ, ಬೆಲ್ಲ, ಚಹಾಪುಡಿ: 1,350 ರೂ.
ಬಿಸ್ಕತ್ತು, ಚಿಪ್ಸ್, ನೂಡಲ್ಸ್, ತಂಪು ಪಾನೀಯ: 1,900 ರೂ.
ಹೋಟೆಲು, ಗಾಡಿ ತಿಂಡಿ, ಮೊಬೈಲಿನಲ್ಲಿ ತರಿಸಿದ ಊಟ: 1,800 ರೂ.
ಒಟ್ಟು: 12,600 ರೂ.

ಈ ಹಾಳೆಯನ್ನು ನೋಡಿ ಯಜಮಾನರು ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಯ ಎರಡು ಸಾಲುಗಳನ್ನು ಕೂಡಿಸಿದರೆ 3,700 ರೂಪಾಯಿ, ಅಂದರೆ ನೂರಕ್ಕೆ ಸುಮಾರು 29 ಪಾಲು. ಐದು ಜನರ ಬೇಳೆ-ಕಾಳಿಗೆ 650 ರೂಪಾಯಿ! ಚಿಪ್ಸು ಬಿಸ್ಕತ್ತುಗಳಿಗೆ ಅದರ ಮೂರರಷ್ಟು ಹತ್ತಿರ!

ಈ ಮನೆಯವರು ದುಂದುಗಾರರೆಂದು ಯಾರೂ ತಿಳಿಯಬಾರದು. ದೇಶದ ಎಲ್ಲ ಮನೆಗಳೂ ಇದೇ ದಾರಿಯಲ್ಲಿವೆ. ಸರಕಾರದ ಕೌಟುಂಬಿಕ ವೆಚ್ಚ ಸಮೀಕ್ಷೆಯಂತೆ 1999-2000ರಲ್ಲಿ ಹಳ್ಳಿಯ ಕುಟುಂಬವು ನೂರು ರೂಪಾಯಿ ವೆಚ್ಚದಲ್ಲಿ ಸುಮಾರು 59 ರೂಪಾಯಿಯನ್ನು ಆಹಾರಕ್ಕೆ ಕೊಡುತ್ತಿತ್ತು. ಅದರಲ್ಲಿ 22 ರೂಪಾಯಿ ಧಾನ್ಯಕ್ಕೇ ಹೋಗುತ್ತಿತ್ತು. 2023-24ರ ಹೊತ್ತಿಗೆ ಆಹಾರದ ಪಾಲು ಸುಮಾರು 47ಕ್ಕೆ ಇಳಿದಿತ್ತು; ಧಾನ್ಯದ ಪಾಲು 5 ರೂಪಾಯಿಯ ಆಸುಪಾಸಿಗೆ ಬಂದಿತ್ತು. ಅದೇ ವರ್ಷ ಪಟ್ಟಣದ ಕುಟುಂಬಗಳು ಆಹಾರಕ್ಕೆ ಕೊಟ್ಟ ಸುಮಾರು 40 ರೂಪಾಯಿಯಲ್ಲಿ 11 ರೂಪಾಯಿ ಪಾನೀಯ, ಸಿದ್ಧ ತಿಂಡಿ ಮತ್ತು ಹೊರಗಿನ ಊಟಕ್ಕೆ ಸಂದಿತ್ತು. ನಾವಾದರೋ ಇಂದಿಗೂ ಅಕ್ಕಿಯ ಅಂಗಡಿಯಲ್ಲಿ ಎರಡು ರೂಪಾಯಿಗೆ ಚೌಕಾಶಿ ಮಾಡುತ್ತೇವೆ. ಬಣ್ಣದ ಪೊಟ್ಟಣದ ಮುಂದೆ ಮಾತ್ರ ಬಾಯಿ ತೆರೆಯುವುದಿಲ್ಲ.

ಆದುದರಿಂದ ಮೊದಲ ಸೂತ್ರ ಇದು: ಬರೆಯದೆ ಕತ್ತರಿಸಬೇಡಿರಿ. ಒಂದು ತಿಂಗಳು ಏನನ್ನೂ ಕಡಿಮೆ ಮಾಡದೆ, ತಂದ ಪದಾರ್ಥ, ತೂಕ, ಕೊಟ್ಟ ಹಣ ಇಷ್ಟನ್ನೇ ಬರೆದಿಡಿರಿ. ಇನ್ನೊಂದು ಪುಟದಲ್ಲಿ, ಕೆಟ್ಟು ಚೆಲ್ಲಿದ್ದನ್ನು ಬರೆಯಿರಿ. ಕೊಳೆತ ಟೊಮ್ಯಾಟೊ, ಹುಳು ಬಿದ್ದ ರವೆ, ಹಳಸಿದ ಅನ್ನ ಇವೆಲ್ಲಕ್ಕೂ ಬೆಲೆ ಕಟ್ಟಿ ನೋಡಿದರೆ ಮನೆಯ ಸೋರಿಕೆ ಎಲ್ಲಿದೆಯೆಂಬುದು ತಾನಾಗಿಯೇ ಗೋಚರವಾಗುತ್ತದೆ.

ಬೆಲೆಯನ್ನಲ್ಲ, ದರವನ್ನು ನೋಡಿ

ಪೊಟ್ಟಣದ ಮೇಲಿನ ಬೆಲೆ ಒಂದು, ಅದರೊಳಗಿನ ಪದಾರ್ಥದ ದರ ಇನ್ನೊಂದು. ನಂದಿನಿ ಹಾಲಿನ ಉದಾಹರಣೆ ನೋಡಿರಿ. 2024ರ ಜೂನ್‌ನಲ್ಲಿ ನೀಲಿ ಬಣ್ಣದ ದೊಡ್ಡ ಪೊಟ್ಟಣದ ಬೆಲೆಯನ್ನು 44 ರೂಪಾಯಿ ಮಾಡಿ, ಅಳತೆಯನ್ನು 1,050 ಮಿಲಿಲೀಟರಿಗೆ ಏರಿಸಲಾಗಿತ್ತು. 2025ರ ಏಪ್ರಿಲ್ 1ರಿಂದ ಪೊಟ್ಟಣದ ಬೆಲೆ 46 ಆಯಿತು, ಅಳತೆ ಮತ್ತೆ 1,000 ಮಿಲಿಲೀಟರಿಗೆ ಬಂತು. ಕೈಯಿಂದ ಹೋದದ್ದು ಎರಡೇ ರೂಪಾಯಿ ಎನ್ನಿಸಿದರೂ, ಲೀಟರಿನ ಲೆಕ್ಕದಲ್ಲಿ ಏರಿಕೆಯಾದದ್ದು ನಾಲ್ಕು ರೂಪಾಯಿ. ಇದನ್ನು ಬಹಿರಂಗವಾಗಿ ಪ್ರಕಟಿಸಿಯೇ ಮಾಡಿದ್ದರು. ಆದರೆ ಎಷ್ಟೋ ಪದಾರ್ಥಗಳಲ್ಲಿ ಬೆಲೆ ಹಾಗೆಯೇ ಇದ್ದು ತೂಕ ಮಾತ್ರ ಸದ್ದಿಲ್ಲದೆ ಇಳಿಯುತ್ತದೆ.

ಎಣ್ಣೆಯಲ್ಲಿಯೂ ಇದೇ ಎಚ್ಚರ ಬೇಕು. ಒಂದು ಲೀಟರ್ ಅಡುಗೆ ಎಣ್ಣೆ ತೂಗಿದರೆ ಸುಮಾರು 910 ಗ್ರಾಂ ಬರುತ್ತದೆ. 160 ರೂಪಾಯಿಯ ಒಂದು ಲೀಟರ್ ಪೊಟ್ಟಣ ಮತ್ತು 150 ರೂಪಾಯಿಯ 840 ಗ್ರಾಂ ಪೊಟ್ಟಣ ಪಕ್ಕಪಕ್ಕದಲ್ಲಿದ್ದರೆ ನಮ್ಮ ಕೈ ಎರಡನೆಯದಕ್ಕೆ ಹೋಗುತ್ತದೆ. ಆದರೆ ನೂರು ಗ್ರಾಂಗೆ ಮೊದಲನೆಯದು 17 ರೂಪಾಯಿ 58 ಪೈಸೆ, ಎರಡನೆಯದು 17 ರೂಪಾಯಿ 86 ಪೈಸೆ. ಇಂಥ ಲೆಕ್ಕವನ್ನು ಗ್ರಾಹಕರೇ ಮಾಡಬೇಕಾಗದಿರಲೆಂದು ಪೊಟ್ಟಣದ ಮೇಲೆ ಗರಿಷ್ಠ ಮಾರಾಟ ಬೆಲೆಯ ಜೊತೆಗೆ ಗ್ರಾಂಗೆ ಅಥವಾ ಕೆ.ಜಿ.ಗೆ ಎಷ್ಟು ಎಂಬ ದರವನ್ನೂ ಮುದ್ರಿಸಬೇಕೆಂಬ ನಿಯಮ ಬಂದಿದೆ. ಅಕ್ಷರ ಸಣ್ಣದಿರುತ್ತದೆ, ಕನ್ನಡಕ ಹಾಕಿಕೊಂಡಾದರೂ ಓದಿರಿ. ಮುದ್ರಿತ ಬೆಲೆಗಿಂತ ಹೆಚ್ಚು ಕೇಳಿದರೆ ಅಥವಾ ತೂಕದಲ್ಲಿ ಮೋಸವಾದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಬಹುದು.

ಇನ್ನೊಂದು ಸಂಗತಿ. 2022ರ ಜುಲೈ 18ರಿಂದ, 25 ಕೆ.ಜಿ.ವರೆಗಿನ ಮುಚ್ಚಿದ, ಚೀಟಿ ಹಚ್ಚಿದ ಅಕ್ಕಿ, ಬೇಳೆ, ಹಿಟ್ಟಿನ ಪೊಟ್ಟಣಗಳಿಗೆ ನೂರಕ್ಕೆ 5ರಷ್ಟು ಜಿ.ಎಸ್.ಟಿ. ಇದೆ. ಬಿಡಿಯಾಗಿ ತೂಗಿ ಕೊಡುವ ಧಾನ್ಯಕ್ಕೆ ಈ ತೆರಿಗೆ ಇಲ್ಲ. ಪೇಟೆಯಲ್ಲಿ ಅಕ್ಕಿಯ ಚೀಲ 26 ಕೆ.ಜಿ.ಯದಾಗಿ ಬರತೊಡಗಿದ ಗುಟ್ಟು ಇದೇ. ವಿಶ್ವಾಸವಿರುವ ಅಂಗಡಿಯಲ್ಲಿ ಕೈಯಲ್ಲಿ ಹಿಡಿದು, ಕಲ್ಲು-ನುಸಿ ನೋಡಿ ಬಿಡಿಯಾಗಿ ಕೊಳ್ಳುವ ಹಳೆಯ ಪದ್ಧತಿಯೇ ಇಲ್ಲಿ ಲಾಭದಾಯಕ.

ಸುಗ್ಗಿಯ ಕಾಲ, ಕೂಡಿ ಕೊಳ್ಳುವ ಕ್ರಮ

ನಮ್ಮ ಹಿರಿಯರು ವರ್ಷದ ಕಾಳುಕಡಿಯನ್ನು ಸುಗ್ಗಿಯಲ್ಲಿ ತುಂಬಿಡುತ್ತಿದ್ದರು. ಬೆಳೆ ಪೇಟೆಗೆ ಬಂದಾಗ ಬೆಲೆ ಇಳಿಯುವುದು ಸಾಮಾನ್ಯ ನಿಯಮ. ಕಲಬುರಗಿ ಸೀಮೆಯ ತೊಗರಿ ಡಿಸೆಂಬರ್‌ನಿಂದ ಫೆಬ್ರುವರಿಯವರೆಗೆ ಪೇಟೆಗೆ ಬರುತ್ತದೆ. ಹಿಂಗಾರಿ ಬಿಳಿಜೋಳ ಫೆಬ್ರುವರಿ-ಮಾರ್ಚ್‌ನಲ್ಲಿ. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿಯ ಭರಾಟೆಯೂ ಅದೇ ಹೊತ್ತಿಗೆ. ಹುಣಸೆಹಣ್ಣು ಬೇಸಿಗೆಯ ಆರಂಭಕ್ಕೆ. ಹೊಸ ಬೆಲ್ಲ ಚಳಿಗಾಲಕ್ಕೆ. ಒಂದೇ ಮನೆಗೆ ಕ್ವಿಂಟಲ್ ತೊಗರಿಬೇಳೆ ಹೆಚ್ಚಾದರೆ, ಐದು ಮನೆಯವರು ಕೂಡಿ ಬೇಳೆ ಮಿಲ್ಲಿನಿಂದಲೋ ಸಗಟು ಅಂಗಡಿಯಿಂದಲೋ ತಂದು ಇಪ್ಪತ್ತು ಇಪ್ಪತ್ತು ಕೆ.ಜಿ. ಹಂಚಿಕೊಳ್ಳಬಹುದು. ಅಕ್ಕನ ಬಳಗವಿರುವ ಊರುಗಳಲ್ಲಿ ಇದು ಕಷ್ಟವೇ ಅಲ್ಲ. ವಾರಕ್ಕೊಮ್ಮೆ ಸೇರುವ ಸೋದರಿಯರು ಒಂದು ಮಾತು ಆಡಿದರೆ ಸಾಕು.

ಆದರೆ ಇದಕ್ಕೂ ಮಿತಿಗಳಿವೆ. ಬಡ್ಡಿಗೆ ಸಾಲ ತಂದು ಕಾಳು ತುಂಬಬಾರದು. ಹಿಟ್ಟು, ರವೆ, ಎಣ್ಣೆ, ಪುಡಿ ಮಾಡಿದ ಮಸಾಲೆಗಳನ್ನು ಕೂಡಿಡಬಾರದು. ಇವು ಬೇಗ ಕೆಡುತ್ತವೆ. ತುಂಬಿಡುವ ಕಾಳನ್ನು ಗಟಗಟಿ ಒಣಗಿಸಿ, ಡಬ್ಬಿಯನ್ನೂ ಬಿಸಿಲಿಗಿಟ್ಟು, ಗಾಳಿಯಾಡದಂತೆ ಮುಚ್ಚಬೇಕು. ತೊಗರಿಬೇಳೆಗೆ ತುಸು ಹರಳೆಣ್ಣೆ ಸವರುವುದು, ಜೋಳದ ನಡುವೆ ಒಣಗಿದ ಬೇವಿನ ಎಲೆ ಇಡುವುದು ಇವೆಲ್ಲ ನಮ್ಮ ಅಜ್ಜಿಯರು ಕಲಿಸಿದ ಉಪಾಯಗಳೇ.

ತೊಗರಿ ದುಬಾರಿಯಾದ ವರ್ಷ ಬೇಳೆಯನ್ನೇ ಬಿಡುವುದು ಜಾಣತನವಲ್ಲ. ಹೆಸರು, ಹುರಳಿ, ಅಲಸಂದಿ ಇವುಗಳಲ್ಲಿಯೂ ತೊಗರಿಯಷ್ಟೇ, ನೂರು ಗ್ರಾಂಗೆ 20ರಿಂದ 24 ಗ್ರಾಂವರೆಗೆ ಸಸಾರಜನಕವಿದೆ. ಆ ತಿಂಗಳು ಯಾವುದು ಅಗ್ಗವೋ ಅದನ್ನು ನೆನೆಹಾಕಿ ಮೊಳಕೆ ಕಟ್ಟಿ ಪಲ್ಯ ಮಾಡಿರಿ. ಸೊಪ್ಪಿನ ಪಲ್ಯದ ಮೇಲೆ ನಿಂಬೆಹುಳಿ ಹಿಂಡಿಕೊಂಡರೆ ಅದರ ಕಬ್ಬಿಣಾಂಶ ದೇಹಕ್ಕೆ ಚೆನ್ನಾಗಿ ಹತ್ತುತ್ತದೆ. ಊಟದ ಜೊತೆಗೇ ಚಹಾ ಕುಡಿದರೆ ಅದು ಕಡಿಮೆಯಾಗುತ್ತದೆ. ಇದಕ್ಕೆ ಖರ್ಚೇನೂ ಇಲ್ಲ, ತಿಳಿವಳಿಕೆ ಬೇಕಷ್ಟೆ.

ಯಾವುದಕ್ಕೆ ಕತ್ತರಿ?

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ, ಎರಡು ಸಾವಿರ ಕ್ಯಾಲೊರಿಯ ದಿನದ ಊಟಕ್ಕೆ 85 ಗ್ರಾಂ ಬೇಳೆ-ಕಾಳು (ಮೊಟ್ಟೆ, ಮಾಂಸ ತಿನ್ನುವವರಿಗೆ ಅವೂ ಇದರಲ್ಲಿಯೇ ಸೇರಿವೆ), 300 ಮಿಲಿಲೀಟರ್ ಹಾಲು-ಮೊಸರು ಮತ್ತು 27 ಗ್ರಾಂ ಎಣ್ಣೆ-ಕೊಬ್ಬು ಎಂದು ಅಳತೆ ಹೇಳಿದ್ದಾರೆ. ಈ ಅಳತೆಯನ್ನು ನಮ್ಮ ಸೋದರಿಯ ಮನೆಗೆ ಹಚ್ಚಿ ನೋಡಿದೆವು. ಐದು ಜನರಿಗೆ ಹಾಲು ದಿನಕ್ಕೆ ಒಂದೂವರೆ ಲೀಟರ್ ಬೇಕು. ಆಕೆ ಕಡಿಮೆ ಮಾಡುವ ಮುಂಚೆ ತರುತ್ತಿದ್ದುದು ಸರಿಯಾಗಿ ಅಷ್ಟೇ. ಎಣ್ಣೆ ತಿಂಗಳಿಗೆ ನಾಲ್ಕೂವರೆ ಲೀಟರ್ ಸಾಕು. ಅವರು ಬಳಸುತ್ತಿದ್ದುದು ಏಳು. ಕಾಳುಗಳು ತಿಂಗಳಿಗೆ ಹನ್ನೆರಡೂ ಮುಕ್ಕಾಲು ಕೆ.ಜಿ. ಬೇಕಾದಲ್ಲಿ ಅವರು ತರುತ್ತಿದ್ದುದು ಐದೇ ಕೆ.ಜಿ. ಅಂದರೆ ಕತ್ತರಿ ಬಿದ್ದದ್ದು ತಪ್ಪು ಜಾಗದಲ್ಲಿ.

ಮರುತಿಂಗಳಿನಿಂದ ಮನೆಯವರೆಲ್ಲರೂ ಕುಳಿತು ಹೊಸ ಚೀಟಿ ಬರೆದರು. ಎಣ್ಣೆ ಐದು ಲೀಟರಿಗೆ ಇಳಿಯಿತು. 320 ರೂಪಾಯಿ ಉಳಿಯಿತು. ಪೊಟ್ಟಣದ ತಿಂಡಿ 1,900ರಿಂದ 800ಕ್ಕೆ, ಹೊರಗಿನ ಊಟ 1,800ರಿಂದ 700ಕ್ಕೆ ಬಂತು. ಧಾನ್ಯವನ್ನು ಬಿಡಿಯಾಗಿ ಕೊಂಡದ್ದರಿಂದ 150, ಸಾಂಬಾರ ಪದಾರ್ಥಗಳನ್ನು ಮನೆಯಲ್ಲಿಯೇ ಪುಡಿ ಮಾಡಿದ್ದರಿಂದ 150, ತರಕಾರಿಯನ್ನು ಮನೆಬಾಗಿಲಲ್ಲಿ ಕೊಳ್ಳದೆ ವಾರದ ಸಂತೆಯಿಂದ ತಂದದ್ದರಿಂದ 100 ರೂಪಾಯಿ ಉಳಿಯಿತು. ಒಟ್ಟು ಉಳಿದದ್ದು 2,920 ರೂಪಾಯಿ.

ಅದರಲ್ಲಿ ಹಾಲನ್ನು ಮತ್ತೆ ಒಂದೂವರೆ ಲೀಟರ್ ಮಾಡಲು 690, ಕಾಳುಗಳನ್ನು ಹೆಚ್ಚಿಸಲು 450, ಶೇಂಗಾ, ಎಳ್ಳು, ಅಗಸೆ, ಹೆಚ್ಚಿನ ಬೆಲ್ಲಕ್ಕೆ 300, ಹೀಗೆ 1,440 ರೂಪಾಯಿಯನ್ನು ತಟ್ಟೆಗೆ ಹಿಂದಿರುಗಿಸಿದರು. ಉಳಿದದ್ದು 1,480 ರೂಪಾಯಿ. ಸಾಲದ ಕಂತಿಗೆ ಬೇಕಾಗಿದ್ದುದು ಒಂದೂವರೆ ಸಾವಿರ! ಹಾಲು ಬೇಳೆ ಕಡಿಮೆ ಮಾಡದೆಯೇ, ಇನ್ನೂ ಹೆಚ್ಚು ಮಾಡಿಯೇ, ಅದು ಹೊಂದಿಕೆಯಾಯಿತು.

ಮಕ್ಕಳು ಒಪ್ಪಿದರೇ ಎಂದು ನೀವು ಕೇಳಬಹುದು. ಮೊದಲ ವಾರ ಮಗಳು ಮುಖ ಊದಿಸಿಕೊಂಡಳು. ಅಮ್ಮನ ರಕ್ತದ ಚೀಟಿಯನ್ನು ಅಪ್ಪನೇ ತೋರಿಸಿದ ಮೇಲೆ ಮಾತು ನಿಂತಿತು. ಶೇಂಗಾ ಉಂಡಿ, ಹುರಿದ ಪುಟಾಣಿ, ಚುರುಮುರಿ ಸೂಸಲ ಮನೆಯಲ್ಲಿಯೇ ಆಗತೊಡಗಿದವು. ತಿಂಗಳಿಗೊಮ್ಮೆ ಎಲ್ಲರೂ ಕೂಡಿ ಹೋಟೆಲಿಗೆ ಹೋಗುವುದನ್ನು ಬಿಡಲಿಲ್ಲ; ಬಿಡಲೂ ಬಾರದು. ಸಂತೋಷವನ್ನೆಲ್ಲ ಕತ್ತರಿಸಿದ ಅಂದಾಜುಪತ್ರಿಕೆ ಮೂರು ತಿಂಗಳೂ ಬಾಳುವುದಿಲ್ಲ. ಬಿಟ್ಟದ್ದು, ಬೇಸರ ಕಳೆಯಲೆಂದು ಮೊಬೈಲಿನಲ್ಲಿ ತರಿಸುತ್ತಿದ್ದುದನ್ನು ಮಾತ್ರ. 2025ರ ಸೆಪ್ಟೆಂಬರ್ 22ರಿಂದ ಬಿಸ್ಕತ್ತಿನ ಮೇಲಿನ ಜಿ.ಎಸ್.ಟಿ. 18ರಿಂದ 5ಕ್ಕೆ ಇಳಿಯಿತು ನಿಜ. ಆದರೆ ತೆರಿಗೆ ಇಳಿದ ಮಾತ್ರಕ್ಕೆ ಬೇಡವಾದ ಪದಾರ್ಥ ಬೇಕಾದದ್ದಾಗುವುದಿಲ್ಲ.

ಅಳತೆ ತಿಳಿದ ಲಕ್ಕಮ್ಮ

ಆಯ್ದಕ್ಕಿ ಮಾರಯ್ಯ-ಲಕ್ಕಮ್ಮ ಶರಣದಂಪತಿಗಳ ಕಥೆ ನಮಗೆಲ್ಲ ತಿಳಿದದ್ದೇ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಹಿಂದಿರುಗಿಸಿ ಬರುವಂತೆ ಹೇಳಿದವರು ಲಕ್ಕಮ್ಮ. ಅದನ್ನು ನಾವು ನಿರಾಶೆಯ, ನಿಷ್ಕಾಮದ ಪಾಠವೆಂದು ಕೇಳುತ್ತ ಬಂದಿದ್ದೇವೆ. ಗೃಹಿಣಿಯ ಕಣ್ಣಿನಿಂದ ನೋಡಿದರೆ ಅದರಲ್ಲಿ ಇನ್ನೊಂದು ಅರ್ಥವೂ ಇದೆ. ಇಂದು ಎಷ್ಟು ಬೇಕು ಎಂಬ ಅಳತೆ ಆ ಮನೆಯಲ್ಲಿ ಲಕ್ಕಮ್ಮನಿಗೆ ತಿಳಿದಿತ್ತು. ಆಕೆಯ ಮಾತು ನಡೆಯುತ್ತಿತ್ತು. ಅಳತೆ ಗೊತ್ತಿದ್ದ ಮನೆಯಲ್ಲಿಯೇ ದಾಸೋಹವೂ ನಡೆಯಿತು. ನಮ್ಮ ಚೀಟಿಯಲ್ಲಿಯೂ ಬರುವ ಅತಿಥಿಗಾಗಿ, ಹಬ್ಬಕ್ಕಾಗಿ ಒಂದು ಸಾಲು ಇರಲಿ; ಬಂದವರಿಗೆ ಬಡಿಸಿ ಮನೆಯೊಡತಿ ಹಸಿದಿರುವಂತಾಗದಿರಲಿ.

ನಮ್ಮ ಸೋದರಿ ಈಗ ಚೇತರಿಸಿಕೊಂಡಿದ್ದಾಳೆ. ಮಾತ್ರೆಗಳನ್ನು ವೈದ್ಯರು ಹೇಳಿದಷ್ಟು ತಿಂಗಳು ತಪ್ಪದೆ ನುಂಗಿದಳು. ಆಹಾರವೊಂದರಿಂದಲೇ ಎಲ್ಲವೂ ಸರಿಹೋಯಿತೆಂದು ನಾನು ಹೇಳಲಾರೆ. ಆ ಮನೆಯಲ್ಲಿ ಆದ ದೊಡ್ಡ ಬದಲಾವಣೆಯೆಂದರೆ ಎರಡು. ರಾತ್ರಿಯ ಊಟಕ್ಕೆ ಐವರೂ ಕೂಡಿಯೇ ಕುಳಿತುಕೊಳ್ಳುತ್ತಾರೆ. ಪಾತ್ರೆಗಳನ್ನು ನಡುವೆ ಇಟ್ಟುಕೊಂಡು ತಾವೇ ಬಡಿಸಿಕೊಳ್ಳುತ್ತಾರೆ. ಇದನ್ನು ಮೊದಲು ಸೂಚಿಸಿದವರು ಅತ್ತೆಯವರೇ ಎಂಬುದು ವಿಶೇಷ. ಎರಡನೆಯದಾಗಿ, ಪ್ರತಿ ರವಿವಾರ ಯಜಮಾನರು ವಾರದ ಖರ್ಚನ್ನು ಬರೆಯುತ್ತಾರೆ, ಆಕೆ ಓದಿ ಹೇಳುತ್ತಾಳೆ. ಅಡಚಣೆ ಬಂದರೆ ಅದು ಹಾಳೆಯ ಮೇಲೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಒಬ್ಬಳ ಹೊಟ್ಟೆಯಲ್ಲಿ ಅಡಗಿ ಕೂಡುವುದಿಲ್ಲ.

ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ ಎಂಬ ಗಾದೆ ಸುಳ್ಳಲ್ಲ. ಸೋದರಿಯರೇ, ಆ ಹನಿಗಳನ್ನು ಕೂಡಿಸುವಾಗ ಒಂದು ಮಾತು ನೆನಪಿಡಿರಿ. ಈ ತಿಂಗಳ ದಿನಸಿ ಚೀಟಿ ಬರೆಯುವ ಮುನ್ನ, ಮನೆಯವರೆಲ್ಲರ ಎದುರಿಗೆ, ನೀವು ನಿನ್ನೆ ಏನು ಉಂಡಿರೆಂಬುದನ್ನು ಮೊದಲ ಸಾಲಿನಲ್ಲಿ ಬರೆಯಿರಿ. ಮನೆಯ ಗಂಡಸರು ಈ ಪುಟವನ್ನು ಓದುತ್ತಿದ್ದರೆ, ಆ ಸಾಲನ್ನು ತಾವೇ ಕೇಳಿ ಬರೆದುಕೊಳ್ಳಲಿ. ಮುಂದಿನ ಲೆಕ್ಕ ಅಲ್ಲಿಂದ ಆರಂಭವಾಗಲಿ.